ರೊಟ್ಟಿ ಒಟ್ಟಿದ ಸ್ಪೀಕರ್ ಪೆಟ್ಟಿಗೆ

ಕಾದ ಆಂಪ್ಲಿಫೈಯರಿನ ಸುಟ್ಟ ಧೂಳಿನ ವಾಸನೆ ಮೂಗಿಗೆ ಬಡಿದರೆ ನನಗೆ ಈಗಲೂ ಮೊದಲು ಬರುವುದು ಸಿಟ್ಟು.

ಅಪ್ಪ ಮದುವೆಗಳ ಆರ್ಕೆಸ್ಟ್ರಾದಲ್ಲಿ ಹಾಡಿನ ಅಡಿಯಲ್ಲಿ ಗುಮ್ಮೆನ್ನುವ ಬೇಸ್ ಗಿಟಾರ್ ನುಡಿಸುತ್ತಿದ್ದ. ಸಿಂದಗಿಯ ನಮ್ಮ ಎರಡು ಕೋಣೆಯ ಮನೆಯಲ್ಲಿ ಮೂರು ಗಿಟಾರು, ಹಗ್ಗದಂತೆ ಸುತ್ತಿಟ್ಟ ವೈರು, ನನ್ನ ಎದೆಯೆತ್ತರದ ಸ್ಪೀಕರ್ ಪೆಟ್ಟಿಗೆ. ಗಿಟಾರುಗಳು ಗೋಡೆಗೊರಗಿ ಆರಾಮಾಗಿ ನಿಂತಿರುತ್ತಿದ್ದವು, ನಾನು ಕಾಲು ಮಡಚಿಕೊಂಡು ಮಲಗಬೇಕಿತ್ತು. ಮನುಷ್ಯನಿಗೆ ಇರುವುದೇ ಎರಡು ಕೈ, ಗಿಟಾರು ಮೂರು ಯಾಕೆ?

ಆ ಮಧ್ಯಾಹ್ನ ಅವ್ವ ತಾಳಿಕೋಟೆಯ ತವರಿಗೆ ಒಯ್ಯಲೆಂದು ಬಡಿದ ಖಡಕ್ ರೊಟ್ಟಿಗಳನ್ನು, ಬೇರೆ ಜಾಗವಿಲ್ಲದೆ, ಆ ಪೆಟ್ಟಿಗೆಯ ಮೇಲೆಯೇ ಒಟ್ಟಿದ್ದಳು. ಅಪ್ಪ ಪಕ್ಕದಲ್ಲಿ ಕೂತು ತಂತಿ ಬಿಗಿಯುತ್ತಿದ್ದ.

"ಹಾಡೂವ್ರದು ಕೇಳಸ್ತೈತಿ, ಡೋಲಕ್ ಕೇಳಸ್ತೈತಿ. ನಿಮ್ಮದು ಯಾರಿಗೆ ಕೇಳಸ್ತೈತ್ರಿ? ಸುಮ್ನ ಮನಿ ತುಂಬ ಹರವೀರಿ," ಅಂದಳು ಅವ್ವ.

ಅಪ್ಪ ಆಂಪ್ಲಿಫೈಯರಿನ ಸ್ವಿಚ್ ಒತ್ತಿ, ಎಲ್ಲಕ್ಕಿಂತ ದಪ್ಪ ತಂತಿಯನ್ನು ಒಮ್ಮೆ ಮೀಟಿದ.

ರೊಟ್ಟಿಗಳು ನಡುಗಿದವು. ಕಟಕಟನೆ ಅಂಚಿಗೆ ಸರಿದು, ಇಡೀ ರಾಶಿ ನೆಲಕ್ಕೆ ಬಿದ್ದು ಚೂರಾಯಿತು.

"ಈಗ ಕೇಳಿಸ್ತ?" ಅಂದ ಅಪ್ಪ.

"ನಮ್ಮವ್ವಗ ಏನ್ ಒಯ್ಯಲ್ರಿ ಈಗ? ಈ ವೈರ್ ಒಯ್ಯಲೇನು?"

ಚೂರುಗಳನ್ನು ಬುಟ್ಟಿಗೆ ಆರಿಸುವ ಕೆಲಸ ನನ್ನ ಪಾಲಿಗೆ ಬಂತು. ಅಪ್ಪ ಮುಖ ತಗ್ಗಿಸಿ, ಮೆಲ್ಲಗೆ, ನುಡಿಸುತ್ತಲೇ ಇದ್ದ. "ಬಂದ್ ಮಾಡ್ರಿ ಅದನ್ನ," ಎಂದು ಅವ್ವ ಬೈಯುತ್ತಲೇ ಇದ್ದಳು. ಗುಮ್ಮೆನ್ನುತ್ತಿದ್ದ ಪೆಟ್ಟಿಗೆಯ ಮೇಲೆ ಊರಿದ್ದ ತನ್ನ ಅಂಗೈಯನ್ನು ಮಾತ್ರ ಅವಳು ತೆಗೆದಿರಲಿಲ್ಲ.