ಅತ್ತೆಗೆ ಅಡ್ಡಗಾಲು

ಅಡುಗೆಮನೆಯ ಹೊಸ್ತಿಲಲ್ಲಿ ಅತ್ತೆಯ ಪಾದಗಳು ಮತ್ತೆ ನೆಲಕ್ಕೆ ಅಂಟಿಕೊಂಡವು. ಪಾರ್ಕಿನ್ಸನ್ ಕಾಯಿಲೆ ಬಂದಮೇಲೆ ಬಾಗಿಲು ಕಂಡರೆ ಸಾಕು, ಕಾಲುಗಳು ಮುಷ್ಕರ ಹೂಡುತ್ತಿದ್ದವು. ಕಾಯಿಲೆಯವರ ನಡಿಗೆಯ ಬಗ್ಗೆಯೇ ಕಾಲೇಜಿನಲ್ಲಿ ಓದುತ್ತಿದ್ದ ಸೊಸೆ ಅವರ ತೋಳು ಭದ್ರವಾಗಿ ಹಿಡಿದು, ಪಾದದ ಮುಂದೆ ತನ್ನ ಕಾಲನ್ನು ಅಡ್ಡ ಇಟ್ಟಳು.

ಮಗ ಹೌಹಾರಿದ. "ಅಮ್ಮಂಗೇ ಅಡ್ಡಗಾಲು ಹಾಕ್ತೀಯೇನೇ?"

"ನೀವು ಸುಮ್ನಿರಿ. ಎದುರಿಗೆ ದಾಟೋಕೆ ಏನಾದ್ರೂ ಕಂಡ್ರೆ ಅಂಟಿದ ಕಾಲು ಏಳುತ್ತೆ. ಅತ್ತೆ, ನನ್ನ ಕಾಲು ದಾಟಿ."

ಅತ್ತೆ ಆ ಕಾಲನ್ನೇ ದುರುಗುಟ್ಟಿ ನೋಡಿದರು. ಮೊಣಕಾಲು ಮೇಲೆದ್ದಿತು. ಪಾದ ಸೊಸೆಯ ಕಾಲನ್ನೂ ಹೊಸ್ತಿಲನ್ನೂ ಒಟ್ಟಿಗೆ ದಾಟಿತು, ಇನ್ನೊಂದು ಅದರ ಬೆನ್ನಿಗೇ ಬಂತು. ಅಡುಗೆಮನೆಯೊಳಗೆ ನಿಂತು ಅತ್ತೆ ಚಿಕ್ಕ ಹುಡುಗಿಯ ಹಾಗೆ ಕಿಲಕಿಲ ನಕ್ಕರು.

ಅತ್ತೆ ಆಗಲೇ ಹಿತ್ತಿಲ ಬಾಗಿಲತ್ತ ಕೈ ತೋರಿಸುತ್ತಿದ್ದರು.

"ಬಾರೇ, ಅಲ್ಲೂ ಒಂದು ಅಡ್ಡಗಾಲು ಹಾಕು. ನನ್ನ ಗುಲಾಬಿ ಗಿಡ ನೋಡ್ಬೇಕು."