ರಾಶಿಯ ಅಡಿಯವನು

ಪುಟ್ಟಲಿಂಗಮ್ಮನ ಮಗ ಹನ್ನೆರಡು ವರ್ಷ ದೇಶದ ಪರವಾಗಿ ರಗ್ಬಿ ಆಡಿದ. ಚೆಂಡು ಹಿಡಿದು ಓಡುವ ಭಾಗ್ಯ ಬೇರೆಯವರದು. ಇವನದು ಮುಂದಿನ ಸಾಲಿನಲ್ಲಿ ತಲೆ ತಗ್ಗಿಸಿ ಎದುರಾಳಿಗಳನ್ನು ತಳ್ಳುವ ಕೆಲಸ. ಹಾಗಾಗಿ ಪೇಪರಿನಲ್ಲಿ ಬಂದ ಒಂದು ಫೋಟೋದಲ್ಲೂ ಅವನ ಮುಖವಿರಲಿಲ್ಲ. ಮೇಲೆ ಬಿದ್ದ ಹತ್ತು ಜನರ ಅಡಿಯಿಂದ ಬೂಟೊಂದು ಇಣುಕುತ್ತಿತ್ತು, ಅಷ್ಟೆ.

“ಇದೇನಕ್ಕ, ಕಾಲು ತೋರಿಸಿ ಮಗ ಅಂತೀಯಲ್ಲ!” ಎಂದು ಓರಗಿತ್ತಿ ಪ್ರತಿಸಲವೂ ಮೂತಿ ತಿರುವುತ್ತಿದ್ದಳು.

ಅವನು ನಿವೃತ್ತನಾದಾಗ ಟೌನ್‌ಹಾಲಿನಲ್ಲಿ ಸನ್ಮಾನ ಏರ್ಪಾಟಾಯಿತು. ಮನೆಗೆ ಬಂದ ಪಾಸು ಒಂದೇ. ಪುಟ್ಟಲಿಂಗಮ್ಮ ಮಗನ ಬೂಟಿಗೆ ತಾನೇ ಪಾಲಿಶ್ ಹಾಕಿ ಕಳಿಸಿಕೊಟ್ಟು, ಓರಗಿತ್ತಿಗೆ ಹೇಳಿದಳು: “ನಾಳೆ ಪೇಪರ್ ನೋಡೇ. ಇವತ್ತು ಅವನ ಮೇಲೆ ಬೀಳಕ್ಕೆ ಯಾರೂ ಇಲ್ಲ.”

ಮರುದಿನ ಫೋಟೋ ದೊಡ್ಡದಾಗಿಯೇ ಬಂದಿತ್ತು. ಸಚಿವರು, ಶಾಸಕರು, ಕ್ರೀಡಾ ಸಂಘದ ಅಧ್ಯಕ್ಷರು, ಅಧ್ಯಕ್ಷರ ಭಾವಮೈದುನ, ಎಲ್ಲರೂ ಸನ್ಮಾನದ ಶಾಲಿಗೆ ಕೈಹಾಕಿ ಕ್ಯಾಮೆರಾಕ್ಕೆ ಹಲ್ಲು ಕಿರಿಯುತ್ತಿದ್ದರು.

“ಎಲ್ಲಕ್ಕ ನಿನ್ ಮಗ?” ಎಂದಳು ಓರಗಿತ್ತಿ.

ಪುಟ್ಟಲಿಂಗಮ್ಮ ಕನ್ನಡಕ ಏರಿಸಿಕೊಂಡು ಹುಡುಕಿ, ಸಚಿವರ ಪಂಚೆಯ ಅಂಚಿನ ಹಿಂದೆ ಬೆರಳಿಟ್ಟಳು.

“ಇಗೋ, ಬೂಟು.”