ಸೋಮವಾರದ ಮೀಸಲು ಹಾಲು

"ನೋಡವ್ವ, ಇಲ್ಲೇ ಅದೆ. ಸ್ವಾಮಾರ ಡೈರಿಗೆ ಆಲಾಕವ್ಳೆ ಇವ್ಳು!" ಪಟ್ಟಲಮ್ಮ ಬೆಸಗರಹಳ್ಳಿ ಡೈರಿಯಲ್ಲಿ ಶ್ವೇತಳ ಮೇಜಿನ ಮೇಲೆ ಫೋನು ಕುಕ್ಕಿದಳು. ಹಿಂದೆ ನಿಂತಿದ್ದ ಸೊಸೆ ಇಂದ್ರಮ್ಮ ತಲೆ ಎತ್ತಲಿಲ್ಲ.

ಅವರ ಮನೆಯಲ್ಲಿ ಸೋಮವಾರದ ಹಾಲು ಮಾದಪ್ಪನಿಗೆ ಮೀಸಲು. ಒಂದು ತೊಟ್ಟನ್ನೂ ಮಾರುವಂತಿಲ್ಲ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ ಎಲ್ಲ ಊರಲ್ಲೂ ಇದ್ದಾರೆ; ಈಗಂತೂ ಹಾಗಂತ ಫೋನು ಹೇಳಿದರೆ ಮುಗಿಯಿತು. ಮೀಸಲು ಮುರಿದವಳೆಂದು ಪಟ್ಟಲಮ್ಮ ಸೊಸೆಯನ್ನು ದೇವರ ಮನೆಗೇ ಸೇರಿಸುತ್ತಿರಲಿಲ್ಲ. ಅವಳ ಹೆಸರಲ್ಲಿ ಮಾದಪ್ಪನಿಗೆ ತಪ್ಪುಗಾಣಿಕೆ ಹಾಕಲು ಹಳದಿ ಬಟ್ಟೆಯಲ್ಲಿ ಒಂದು ರೂಪಾಯಿ ಕಟ್ಟಿ ಸೊಂಟಕ್ಕೆ ಸಿಕ್ಕಿಸಿಕೊಂಡೇ ಬಂದಿದ್ದಳು.

ಡೈರಿಯ ಕಂಪ್ಯೂಟರ್ ನೋಡಿಕೊಳ್ಳುವ ಶ್ವೇತಳಿಗೆ ಗಾಬರಿಯಾಯಿತು. ಡೇಟಾಬೇಸಿನ ಹಾಲಿನ ದಾಖಲೆಗಳನ್ನು ಜೇಸನ್ ಎಂಬ ಅಕ್ಷರರೂಪಕ್ಕೆ ತಿರುಗಿಸಿ ಎಲ್ಲರ ಫೋನಿಗೆ ಕಳಿಸುವ ಪೈಥಾನ್ ಪ್ರೋಗ್ರಾಮು ಅವಳದೇ. ತಾರೀಖು ಬಂದಾಗಲೆಲ್ಲ ಜೇಸನ್ ಒಲ್ಲೆನೆಂದು ಮೊಂಡು ಹಿಡಿಯುತ್ತಿತ್ತು. ಬೇಸತ್ತು, ತಾರೀಖನ್ನು ಇದ್ದಂತೆಯೇ ಅಕ್ಷರ ಮಾಡಿ ತುರುಕಿದ್ದಳು. ಕೆಲಸ ನಡೆದಿತ್ತು, ಹುಡುಗಿ ಮರೆತಿದ್ದಳು.

ಈಗ ಇಂದ್ರಮ್ಮನ ದಾಖಲೆ ತೆರೆದಳು. ಸೋಮವಾರ, ರಾತ್ರಿ ಹನ್ನೊಂದೂವರೆ. ಆ ಹೊತ್ತಲ್ಲಿ ಡೈರಿ ಬಾಗಿಲು ತೆಗೆಯುವವರು ಯಾರು? ತಕ್ಷಣ ಹೊಳೆಯಿತು. ಡೇಟಾಬೇಸು ಹೊತ್ತನ್ನು ನಮಗಿಂತ ಐದೂವರೆ ಗಂಟೆ ಹಿಂದಿಟ್ಟು ಬರೆದುಕೊಳ್ಳುತ್ತದೆ. ಅದನ್ನು ನಮ್ಮ ಹೊತ್ತಿಗೆ ತಿರುಗಿಸುವುದನ್ನೇ ಅವಳು ಬಿಟ್ಟಿದ್ದಳು. ಮಂಗಳವಾರ ಮುಂಜಾನೆ ಐದಕ್ಕೆ ಹಾಕಿದ ಹಾಲು ಫೋನಿನಲ್ಲಿ ಸೋಮವಾರಕ್ಕೆ ಜಾರಿತ್ತು. ಮುಂಜಾನೆ ಐದೂವರೆಗೆ ಮುಂಚೆ ಹಾಕಿದ ಊರವರ ಹಾಲೆಲ್ಲ ಹಾಗೇ ಜಾರಿತ್ತು, ಯಾರಿಗೂ ಅದರಿಂದ ಏನೂ ಆಗಿರಲಿಲ್ಲ.

"ಇಂದ್ರಕ್ಕ ಹಾಕಿದ್ದು ಮಂಗ್ಳಾರನೇ ಕಣಜ್ಜಿ. ನಾನೇ ಕೆಡಿಸ್ಬುಟ್ಟಿದ್ದೆ." ಪ್ರೋಗ್ರಾಮು ತಿದ್ದಿ ಫೋನು ತೋರಿಸಿದಳು. ಸೋಮವಾರ ಖಾಲಿಯಿತ್ತು.

ಪಟ್ಟಲಮ್ಮ ಕಣ್ಣು ಕಿರಿದು ಮಾಡಿ ನೋಡಿದಳು. "ಸರೋಯ್ತು ಬುಡು. ನಡಿಯಮ್ಮಿ, ದ್ಯಾವ್ರಿಗೆ ದೀಪ ಅಚ್ಚೀಯಂತೆ."

ಇಂದ್ರಮ್ಮ ಕದಲಲಿಲ್ಲ. "ಆಗ್ಲೂ ಫೋನು ಏಳ್ತು, ನಂಬುದ್ರಿ. ಈಗ್ಲೂ ಫೋನು ಏಳ್ತು, ನಂಬುದ್ರಿ. ನಡುವೆ ನಾನು ಮಾದಪ್ಪನ್ ಮ್ಯಾಲೆ ಆಣೆ ಮಾಡಿ ಏಳಿದ್ನಲ್ಲತ್ತೆ." ಅಷ್ಟು ಹೇಳುವಷ್ಟರಲ್ಲಿ ಅಳು ಬಂತು.

ಅಜ್ಜಿಯ ಸೊಂಟದ ಹಳದಿ ಗಂಟು ಶ್ವೇತಳ ಕಣ್ಣಿಗೆ ಬಿತ್ತು. "ಆ ಕಾಣಿಕೆ ಗಂಟಾದ್ರೂ ಬಿಚ್ಚಾಕಜ್ಜಿ," ಎಂದಳು.

ಪಟ್ಟಲಮ್ಮ ಹಳದಿ ಗಂಟನ್ನು ಸೊಂಟದಿಂದ ತೆಗೆದು ಅಂಗೈಯಲ್ಲಿಟ್ಟುಕೊಂಡು ನೋಡಿದಳು. ಆಮೇಲೆ ಅದನ್ನು ಇನ್ನಷ್ಟು ಬಿಗಿದಳು.

"ಇರ್ಲಿ ಕಣವ್ವ. ನನ್ನೆಸ್ರಲ್ಲಿ ಆಕ್ತೀನಿ."